ಜಾಕೆಟ್ ಹೋದ ದಾರಿ

ಒಬ್ಬರೇ ಸೈಕಲ್ ತುಳಿದರೆ ಬೆಟ್ಟ ಒಂದನ್ನೇ ಹತ್ತಬೇಕು. ಗುಂಪಿನಲ್ಲಿ ಹೋದರೆ ಬೆಟ್ಟದ ಜೊತೆಗೆ ವಾಟ್ಸಾಪ್ ಗ್ರೂಪು, ಒಬ್ಬರ ಮೊಣಕಾಲು ನೋವು, ಇನ್ನೊಬ್ಬರ ಹೊಟ್ಟೆ ಹಸಿವು, ಮತ್ತೊಬ್ಬರ 'ನಾನು ಆಗಲೇ ಹೇಳಿರ್ಲಿಲ್ವಾ' ಎಲ್ಲವನ್ನೂ ಹೊತ್ತುಕೊಂಡು ಹತ್ತಬೇಕು. ಆಲ್ಪ್ಸ್ ಪರ್ವತದ ಬಗ್ಗೆ ನನ್ನದೇನೂ ದೂರಿಲ್ಲ. ಅದು ತನ್ನ ಪಾಡಿಗೆ ತಾನು ಎತ್ತರವಾಗಿ ನಿಂತಿತ್ತು, ಅಷ್ಟೇ.

ನಮ್ಮದು ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ಕನ್ನಡದವರ ಗುಂಪು. ಹಿರಿಯರು ಶಿವಮೊಗ್ಗದವರು. ಅವರನ್ನ ನಾವು ಎಕ್ಸೆಲ್ ಸಾರ್ ಅಂತಲೇ ಕರೆಯೋದು, ಯಾಕಂದ್ರೆ ಮನೆಗೆ ತರಕಾರಿ ತರೋದಕ್ಕೂ ಅವರು ಶೀಟ್ ಮಾಡ್ತಾರೆ. ಆಮೇಲೆ ಒಬ್ಬ ಮಂಗಳೂರಿನ ಹುಡುಗ, ಹುಬ್ಬಳ್ಳಿಯ ಅಕ್ಕ, ಮತ್ತೆ ನಾನು. ನಮ್ಮನೆಯವರು ಸೈಕಲ್ ಮುಟ್ಟುವವರಲ್ಲ. "ನಾನು ಸಾಮಾನೆಲ್ಲ ಕಾರಲ್ಲಿ ತರ್ತೀನಿ, ನೀವು ತುಳ್ಕೊಂಡು ಸಾಯಿರಿ" ಅಂತ ಬಹಳ ಪ್ರೀತಿಯಿಂದ ಒಪ್ಪಿಕೊಂಡಿದ್ದರು.

ಸಾರ್ ಆರಿಸಿದ್ದು ಸ್ಟೆಲ್ವಿಯೊ ಘಾಟಿ. ಇಟಲಿಯ ಉತ್ತರದ ತುದಿ, ಸ್ವಿಟ್ಜರ್ಲೆಂಡ್ ಗಡಿಗೆ ಒತ್ತಿಕೊಂಡೇ ಇದೆ. ನೆತ್ತಿಯ ಎತ್ತರ 2757 ಮೀಟರ್. ಇಟಲಿಯ ಲೊಂಬಾರ್ಡಿ ಪ್ರಾಂತ್ಯ ಆಸ್ಟ್ರಿಯದ ಕೈಯಲ್ಲಿದ್ದ ಕಾಲದಲ್ಲಿ ಅಲ್ಲಿಗೆ ಹೋಗಿಬರಲು ಅಂತ ಕಾರ್ಲೊ ದೊನೆಗಾನಿ ಅನ್ನೋ ಎಂಜಿನಿಯರ್ ಕಟ್ಟಿದ ರಸ್ತೆ ಇದು, ಓಡಾಟ ಶುರುವಾಗಿದ್ದು 1825ರಲ್ಲಿ. ಪ್ರಾತೊ ಅನ್ನೋ ಊರಿಂದ ಹತ್ತಿದರೆ ಸುಮಾರು 24 ಕಿಲೋಮೀಟರ್, ಅಷ್ಟರಲ್ಲಿ 1800 ಮೀಟರ್ ಏರಬೇಕು. ಈ ಒಂದು ಬದಿಗೇ 48 ಹೇರ್‌ಪಿನ್ ತಿರುವು. ಒಂದೊಂದು ತಿರುವಿಗೂ ನಂಬರ್ ಇದೆ, ಕೆಳಗೆ 48, ತುದಿಯಲ್ಲಿ 1.

"ನಮ್ಮ ಆಗುಂಬೆಯಲ್ಲಿ 14 ಇದಾವೆ. ಅಂದ್ರೆ ಇದು ಮೂರೂವರೆ ಆಗುಂಬೆ. ಏನ್ ಮಹಾ" ಅಂದರು ಸಾರ್. ಎಲ್ಲರೂ ಹೂಂ ಅಂದೆವು. ಮ್ಯೂನಿಕ್‌ನ ಸೋಫಾದ ಮೇಲೆ ಕೂತು ಮೂರೂವರೆ ಆಗುಂಬೆ ಅನ್ನೋದು ನಿಜಕ್ಕೂ ಅಷ್ಟೇನೂ ಕಷ್ಟ ಅನ್ನಿಸೋದಿಲ್ಲ.

ಮೊದಲ ದಿನ ಸುಲಭದ್ದು. ರೆಶೆನ್ ಘಾಟಿಯವರೆಗೆ ಕಾರು, ಅಲ್ಲಿಂದ ಸೈಕಲ್ ದಾರಿಯಲ್ಲಿ ಇಳಿಜಾರು. ಅಲ್ಲೊಂದು ಕೆರೆ ಇದೆ, ನಡುವೆ ಚರ್ಚಿನ ಗೋಪುರ ಮಾತ್ರ ನೀರಿನಿಂದ ತಲೆ ಎತ್ತಿ ನಿಂತಿದೆ. 1950ರಲ್ಲಿ ಅಣೆಕಟ್ಟೆಗಾಗಿ ಊರನ್ನೇ ಮುಳುಗಿಸಿದರು, ಗೋಪುರ ಉಳಿಯಿತು. ಎಲ್ಲರೂ ಅದರ ಫೋಟೋ ತೆಗೆಯುತ್ತಿದ್ದಾರೆ. ನಮ್ಮ ಮಂಗಳೂರಿನ ಹುಡುಗ ಹೊಸದಾಗಿ ಕ್ಲಿಪ್ ಪೆಡಲ್ ಹಾಕಿಸಿದ್ದ. ಶೂ ಪೆಡಲಿಗೆ ಕಚ್ಚಿಕೊಳ್ಳುತ್ತೆ, ಬಿಡಿಸಬೇಕಾದ್ರೆ ಹಿಮ್ಮಡಿ ಹೊರಗೆ ತಿರುಗಿಸಬೇಕು. ಇದು ಅವನಿಗೂ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಗೋಪುರದ ಮುಂದೆ ಸೈಕಲ್ ನಿಲ್ಲಿಸಿದ, ಒಂದು ಕ್ಷಣ ಹಾಗೇ ನಿಂತ, ಆಮೇಲೆ ಕಡಿದ ಬಾಳೆಗಿಡದ ಹಾಗೆ ಪಕ್ಕಕ್ಕೆ ಮಲಗಿದ. ಸೈಕಲ್ಲೂ ಕಾಲಿಗೆ ಅಂಟಿಕೊಂಡೇ ಮಲಗಿತು. ಗೋಪುರಕ್ಕೆ ಹಿಡಿದಿದ್ದ ಒಂದಷ್ಟು ಕ್ಯಾಮೆರಾಗಳು ಮೆಲ್ಲಗೆ ಇತ್ತ ತಿರುಗಿದವು. "ಎಂತ ಸಾವು ಮಾರಾಯ್ರೆ, ಯಾರಾದ್ರೂ ಒಂದು ಕಾಲು ಬಿಡಿಸಿ" ಅಂತ ನೆಲದಿಂದ ಧ್ವನಿ ಬಂತು.

ರಾತ್ರಿ ಹೋಟೆಲಲ್ಲಿ ಇನ್ನೊಂದು ಕಥೆ. ಆ ಕಡೆ ಹಳೇ ಬ್ರೆಡ್ಡನ್ನ ನೆನೆಸಿ ಉಂಡೆ ಕಟ್ಟಿ ಬೇಯಿಸ್ತಾರೆ, ಕ್ನೋಡೆಲ್ ಅಂತ. ಹುಬ್ಬಳ್ಳಿ ಅಕ್ಕ ಶುದ್ಧ ಸಸ್ಯಾಹಾರಿ. ಮಾಂಸ ಇಲ್ಲ ತಾನೇ ಅಂತ ಕೇಳಿದ್ದಕ್ಕೆ, ಬಡಿಸುವಾಕೆ ಬಹಳ ಸಮಾಧಾನವಾಗಿ "ಮಾಂಸ ಇಲ್ಲ, ಸುಮ್ನೆ ಒಂಚೂರು ಹಂದಿ" ಅಂದಳು. ಪುಣ್ಯಕ್ಕೆ ಪಾಲಕ್ ಹಾಕಿದ್ದೂ ಇತ್ತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಸ್ಟೆಲ್ವಿಯೊ ಬೇಸಿಗೆಯಲ್ಲಿ ಬೈಕು ಕಾರುಗಳಿಂದ ಗಿಜಿಗುಡುವ ರಸ್ತೆ. ಹಾಗಾಗಿ ಬೇಸಿಗೆ ಮುಗಿಯುತ್ತಾ ಬಂದಾಗ ವರ್ಷಕ್ಕೊಂದು ದಿನ ಅದನ್ನ ವಾಹನಗಳಿಗೆ ಮುಚ್ಚಿ ಸೈಕಲಿನವರಿಗೆ ಮಾತ್ರ ಬಿಡ್ತಾರೆ. ಸಾರ್ ಹುಡುಕಿ ಹುಡುಕಿ ಅದೇ ದಿನ ಆರಿಸಿದ್ದರು. ಅವರ ಶೀಟಿನ ಇನ್ನೊಂದು ಸಾಲಿನಲ್ಲಿ ಹೀಗಿತ್ತು: 'ಭಾರ ಹೊರಬೇಡಿ. ಜಾಕೆಟ್, ಗ್ಲೌಸ್ ಎಲ್ಲ ಕಾರಿನಲ್ಲಿ ಘಾಟಿಯ ತುದಿಗೆ ಬರುತ್ತೆ.' ಈ ಎರಡು ಸಾಲು ಬೇರೆ ಬೇರೆ ಪುಟದಲ್ಲಿದ್ದವು. ನಮ್ಮ ಕಾರೂ ಒಂದು ವಾಹನವೇ ಅನ್ನೋದು ಅಷ್ಟೂ ಪುಟಗಳಲ್ಲಿ ಎಲ್ಲೂ ಇರಲಿಲ್ಲ.

ಬೆಳಗ್ಗೆ ಬೇಗ ಹೊರಟೆವು. ನಮ್ಮನೆಯವರು ಇನ್ನೂ ಮಲಗಿದ್ದರು, ತಿಂಡಿ ಮುಗಿಸಿ ನಿಧಾನಕ್ಕೆ ಬರ್ತೀನಿ ಅಂದಿದ್ದರು.

ಮೊದಲ ಆರೇಳು ಕಿಲೋಮೀಟರ್ ತುಳಿದು, ಬೆವರು ಕಣ್ಣಿಗೆ ಇಳಿದು, ಉಸಿರು ಬಾಯಿಗೆ ಬಂದರೂ ಒಂದು ನಂಬರೂ ಕಾಣಲಿಲ್ಲ. ಆಮೇಲೆ ಗೋಡೆಯ ಮೇಲೆ 48 ಅಂತ ಕಂಡಿತು. ಅಕ್ಕ ಸೈಕಲ್ ನಿಲ್ಲಿಸಿಯೇಬಿಟ್ಟರು. "ಏನ್ರೀ ಸಾರ್ ಇದು! ಇಷ್ಟೊತ್ತು ತುಳಿದದ್ದು ಲೆಕ್ಕಕ್ಕೇ ಇಲ್ಲೇನ್ರೀ?" ಲೆಕ್ಕಕ್ಕಿರಲಿಲ್ಲ. ತಿರುವುಗಳೆಲ್ಲ ಇರೋದು ಅಲ್ಲಿಂದ ಮೇಲೆಯೇ.

ಟ್ರಫೋಯ್ ಅನ್ನೋ ಹಳ್ಳಿ ದಾಟಿ ಸ್ವಲ್ಪ ಹೊತ್ತಿಗೆ ಸಾರ್ ಎತ್ತರ ತೋರಿಸೋ ಗಡಿಯಾರ ನೋಡಿ "1930! ಮುಳ್ಳಯ್ಯನಗಿರಿ ಮುಗೀತು!" ಅಂತ ಕೂಗಿದರು. ಅಂದರೆ ಕರ್ನಾಟಕ ಅಲ್ಲಿಗೆ ಖಾಲಿ. ಅದಕ್ಕಿಂತ ಎತ್ತರಕ್ಕೆ ನಮ್ಮ ರಾಜ್ಯದಲ್ಲಿ ನೆಲವೇ ಇಲ್ಲ, ಇಲ್ಲಿ ಇನ್ನೂ ಎಂಟುನೂರು ಮೀಟರ್ ಬಾಕಿ. ಫ್ರಾನ್ಸೆನ್ಸ್‌ಹೋಹೆ ಹತ್ತಿರ ಮರಗಳೆಲ್ಲ ಮುಗಿದು, ತಲೆ ಎತ್ತಿದರೆ ಮಿಕ್ಕ ತಿರುವುಗಳೆಲ್ಲ ಒಂದರ ಮೇಲೊಂದು ಒಟ್ಟಿಗೇ ಕಾಣುತ್ತವೆ. ಮೇಲಿನ ಮೆಟ್ಟಿಲಲ್ಲಿ ಹೋಗುತ್ತಿರುವವರು ಇರುವೆಯಷ್ಟಿದ್ದಾರೆ, ನಾವೂ ಅಲ್ಲಿಗೇ ಹೋಗಬೇಕು. ಇಂಥ ಜಾಗದಲ್ಲಿ ನೋಟ ಅದ್ಭುತ ಅಂತ ಬರೆಯುವವರನ್ನ ಕಂಡರೆ ನನಗೆ ಸಿಟ್ಟು. ಅವರು ಖಂಡಿತ ಬಸ್ಸಲ್ಲಿ ಬಂದವರು.

ಮಂಗಳೂರಿನ ಹುಡುಗ ಮಾತ್ರ ಇತಿಹಾಸ ಹೇಳುತ್ತಾ ತುಳಿಯುತ್ತಿದ್ದ. 1953ರಲ್ಲಿ ಇಟಲಿಯ ದೊಡ್ಡ ರೇಸು ಜಿರೊ ಮೊದಲ ಸಲ ಈ ಘಾಟಿ ಹತ್ತಿದಾಗ ಫೌಸ್ತೊ ಕಾಪ್ಪಿ ಇದೇ ಬದಿಯಿಂದ ಹ್ಯೂಗೊ ಕೊಬ್ಲೆಟ್‌ನನ್ನು ಹಿಂದೆ ಹಾಕಿ ಇಡೀ ಜಿರೊನೇ ಗೆದ್ದಿದ್ದು, ಅವತ್ತು ರಸ್ತೆಯಲ್ಲಿ ಡಾಂಬರೂ ಇರಲಿಲ್ಲ, ಇತ್ಯಾದಿ. "ನಿನಗೆ ಉಸಿರು ಎಲ್ಲಿಂದ ಬರುತ್ತಪ್ಪಾ?" ಅಂತ ಅಕ್ಕ ಕೇಳಿದ ಮೇಲೆ ಸುಮ್ಮನಾದ.

ತುದಿ ಮುಟ್ಟಿದೆವು. ಅಲ್ಲಿ ಅಂಗಡಿಸಾಲು, ಜನಜಾತ್ರೆ, ಸುಟ್ಟ ಸಾಸೇಜಿನ ಹೊಗೆ. ಖುಷಿ ಐದು ನಿಮಿಷ ಇತ್ತು. ಆಮೇಲೆ ಬೆವರು ಆರಿತು. ಬೆವರಿಗೆ ಒದ್ದೆಯಾದ ಬಟ್ಟೆ, ಎದುರು ಹಿಮ ಹೊದ್ದ ಓರ್ಟ್‌ಲರ್, ಅದರ ಮೇಲಿಂದ ನೇರ ಬರೋ ಗಾಳಿ. ಎಲ್ಲರೂ ಕೈ ಉಜ್ಜುತ್ತಾ "ಜಾಕೆಟ್ ಎಲ್ಲಿ?" ಅಂದೆವು.

ಫೋನ್ ಮಾಡಿದೆ. ಗಾಳಿಯಲ್ಲಿ ಅರ್ಧ ಮಾತು ಹಾರಿಹೋಯಿತು. ಕೇಳಿಸಿದ್ದು ಇಷ್ಟು: "ಇಲ್ಲಿ ಅಡ್ಡ ಗೇಟ್ ಹಾಕಿದಾರೆ ಕಣೇ... ಸೈಕಲ್ ಮಾತ್ರ ಅಂತೆ... ನಾನು ಸಾಂತಾ ಮರಿಯಾಗೇ ಬಂದ್ಬಿಡ್ತೀನಿ." ಸಾಂತಾ ಮರಿಯಾ ಅಂದ್ರೆ ಆಚೆ ಬದಿ, ಉಂಬ್ರೈಲ್ ಘಾಟಿ ಇಳಿದರೆ ಸಿಗುವ ಸ್ವಿಸ್ ಊರು. ನಮ್ಮ ಊಟದ ಜಾಗ.

ಮೌನ. ಎಲ್ಲರೂ ಸಾರ್ ಕಡೆ ನೋಡಿದೆವು. ಸಾರ್ ಅಂಗಡಿಸಾಲಿನ ಕಡೆ ನೋಡಿದರು.

ಹಿಂದಿನ ಕಾಲದ ರೇಸಿನವರು ಇಳಿಜಾರಿಗೆ ಮುಂಚೆ ದಾರಿಬದಿಯ ಜನರಿಂದ ದಿನಪತ್ರಿಕೆ ಇಸ್ಕೊಂಡು ಜೆರ್ಸಿಯೊಳಗೆ ಎದೆಗೆ ಇಟ್ಟುಕೊಳ್ಳುತ್ತಿದ್ದರಂತೆ. ಗಾಳಿ ತಡೆಯೋಕೆ ಕಾಗದ ಬಹಳ ಒಳ್ಳೇದು. ಇದನ್ನೂ ಹುಡುಗನೇ ಹೇಳಿದ್ದು. ಆದರೆ ಈಗ ಪೇಪರ್ ಓದೋರು ಯಾರು? ಜಾತ್ರೆಯಲ್ಲಿ ಒಂದು ಪೇಪರ್ ಸಿಗಲಿಲ್ಲ. ಆಗ ಅಕ್ಕನ ಕಣ್ಣು ಸಾರ್ ಬೆನ್ನ ಜೇಬಿನ ಮೇಲೆ ಬಿತ್ತು. ಅದರಲ್ಲಿ ಎಕ್ಸೆಲ್ ಶೀಟಿನ ಪ್ರಿಂಟ್ ಇತ್ತು, ದೊಡ್ಡ ಹಾಳೆಯಲ್ಲಿ, ಬಣ್ಣದಲ್ಲಿ, ಎಲ್ಲರಿಗೂ ಒಂದೊಂದು ಪ್ರತಿ.

"ಅದ್ರಲ್ಲಿ ನಾಳೆ ಪ್ಲಾನೂ ಇದೆ ಕಣ್ರಮ್ಮಾ" ಅಂದರು ಸಾರ್.

"ನಾಳೆ ಮುಟ್ಟೋದಾದ್ರೂ ಬ್ಯಾಡೇನ್ರೀ?" ಅಂದರು ಅಕ್ಕ.

ಹಾಳೆ ಹಂಚಿಕೊಂಡೆವು. ನನ್ನ ಎದೆಗೆ ಖರ್ಚುವೆಚ್ಚ, ಹೊಟ್ಟೆಗೆ ತುರ್ತು ನಂಬರುಗಳು. ಹುಡುಗನಿಗೆ ಊಟದ ಮೆನು. ಬಹಳ ಚೆನ್ನಾಗಿ ಕೆಲಸ ಮಾಡಿತು, ಸುಳ್ಳು ಹೇಳಬಾರದು. ತುಳಿದಾಗಲೆಲ್ಲ ಚರಚರ ಸದ್ದು, ಅಷ್ಟೇ.

ಉಂಬ್ರೈಲ್ ಘಾಟಿಯ ನೆತ್ತಿ ಅಲ್ಲಿಂದ ಸ್ವಲ್ಪ ಕೆಳಗೇ, 2500 ಮೀಟರ್ ಆಸುಪಾಸು. ಗಡಿ ದಾಟಿ ಇಳಿಯೋದು, ಇಳಿಯೋದು, ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿ, ಕೊನೆಗೆ ಹಿಡಿದಿದ್ದೀವೋ ಬಿಟ್ಟಿದ್ದೀವೋ ಅಂತ ಕಣ್ಣಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬೇಕಾಯಿತು. ಬುಡಕ್ಕೆ ಬರುತ್ತಿದ್ದಂತೆ ಹುಡುಗನ ಬಾಯಿ ಮತ್ತೆ ತೆರೆಯಿತು. 2017ರ ಜಿರೊದಲ್ಲಿ ಗುಲಾಬಿ ಜೆರ್ಸಿ ಹಾಕಿ ಎಲ್ಲರಿಗಿಂತ ಮುಂದಿದ್ದ ನೆದರ್ಲೆಂಡ್ಸ್‌ನ ಟಾಮ್ ಡುಮೊಲಿನ್‌ಗೆ ಇಲ್ಲೇ, ಈ ಏರು ಶುರುವಾಗುವ ಹೊತ್ತಿಗೆ ಹೊಟ್ಟೆ ಕೈಕೊಟ್ಟಿತ್ತು. ಟೀವಿಯಲ್ಲಿ ಜಗತ್ತೆಲ್ಲ ನೋಡುತ್ತಿರುವಾಗಲೇ ಸೈಕಲ್ ಬಿಟ್ಟು ರಸ್ತೆ ಪಕ್ಕಕ್ಕೆ ಓಡಬೇಕಾಯಿತು. ಆ ದಿನ ಎರಡು ನಿಮಿಷಕ್ಕೂ ಜಾಸ್ತಿ ಕಳೆದುಕೊಂಡರು, ಆದರೂ ಆ ವರ್ಷದ ಜಿರೊ ಅವರೇ ಗೆದ್ದರು. ಹುಡುಗ ಸರಿಯಾಗಿ ಯಾವ ಜಾಗ ಅಂತ ಹುಡುಕುತ್ತಾ ನಿಂತ. ಕೆಲವರು ದೇವಸ್ಥಾನ ನೋಡ್ತಾರೆ, ಕೆಲವರು ಇದನ್ನ ನೋಡ್ತಾರೆ.

ನನಗೆ ಆ ಮನುಷ್ಯನ ಬಗ್ಗೆ ಬಹಳ ಗೌರವ ಇದೆ. ಸೈಕಲಿನವರ ಚಡ್ಡಿಗೆ ಹೆಗಲ ಮೇಲಿಂದ ಪಟ್ಟಿ ಇರುತ್ತೆ, ಅದರ ಮೇಲೆ ಜೆರ್ಸಿ. ಹೆಂಗಸರು ಒಂದು ಸಲ ಟಾಯ್ಲೆಟ್ಟಿಗೆ ಹೋಗಬೇಕಾದರೆ ಹೆಲ್ಮೆಟ್ಟಿನಿಂದ ಶುರುಮಾಡಿ ಎಲ್ಲ ಬಿಚ್ಚಬೇಕು. ಈಗ ಇದರ ಜೊತೆಗೆ ಖರ್ಚುವೆಚ್ಚದ ಹಾಳೆ ಬೇರೆ. ಸಾಂತಾ ಮರಿಯಾದ ಕೆಫೆಯ ಟಾಯ್ಲೆಟ್ಟಲ್ಲಿ ಅದನ್ನ ಒಂದು ಕೈಯಲ್ಲಿ ಹಿಡಿದು ನಿಂತಿದ್ದೆ, ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು.

ಕೆಳಗೆ ಚುರುಗುಟ್ಟುವ ಬಿಸಿಲು. ಜಾಕೆಟ್ ಬೇಕಾಗಿಯೇ ಇರಲಿಲ್ಲ, ಕಾರೂ ಇರಲಿಲ್ಲ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಯೂನಿಯನ್ನಿಗೆ ಸೇರಿಲ್ಲ, ಹಾಗಾಗಿ ನಮ್ಮ ಜರ್ಮನ್ ಸಿಮ್ಮಿಗೆ ಅಲ್ಲಿ ರೋಮಿಂಗ್ ಚಾರ್ಜು ಅಂತ ಎಲ್ಲರೂ ಡೇಟಾ ಆಫ್ ಮಾಡಿದ್ದೆವು. ಕೆಫೆಯ ವೈಫೈಯಲ್ಲಿ ಮೆಸೇಜ್ ಹಾಕಿದರೆ ಒಂದೇ ಟಿಕ್. ಫೋನ್ ಮಾಡಿದರೆ ಜರ್ಮನ್ನಿನಲ್ಲಿ ಒಬ್ಬಾಕೆ ವಿಷಾದಿಸಿದಳು. ಪ್ರಾತೊದಿಂದ ಇಲ್ಲಿಗೆ ಕಾರಲ್ಲಿ ಅರ್ಧ ಗಂಟೆ ದಾರಿ. ಗಂಟೆ ಕಳೆಯಿತು. ಸಾರ್ ಜೆರ್ಸಿಯೊಳಗಿಂದ ಹಾಳೆ ತೆಗೆದರು. ಬೆವರಿಗೆ ಬಣ್ಣ ಬಿಟ್ಟು ಒಳಗಿನ ಬಿಳಿ ಬನಿಯನ್ ಮೇಲೆ ಇಡೀ ಪ್ಲಾನು ಕನ್ನಡಿಯಲ್ಲಿ ನೋಡಿದಂತೆ ಉಲ್ಟಾ ಅಚ್ಚಾಗಿತ್ತು, ಗೆರೆ ಸಮೇತ.

ಕೊನೆಗೆ ಕಾರು ಬಂತು. ಪ್ರಾತೊದ ಕಡೆಯಿಂದಲ್ಲ, ಅದರ ವಿರುದ್ಧ ದಿಕ್ಕಿನಿಂದ.

ಆಗಿದ್ದಿಷ್ಟು. ಆ ಸ್ವಿಸ್ ರಾಜ್ಯ ಗ್ರಾವ್‌ಬ್ಯುಂಡೆನ್‌ನಲ್ಲಿ ಇನ್ನೊಂದು ಸಾಂತಾ ಮರಿಯಾ ಇದೆ, ಕಲಾಂಕಾ ಕಣಿವೆಯ ಬಾಯಲ್ಲಿ, ಹಲವು ಗಂಟೆಯ ದೂರದಲ್ಲಿ. ಜಿಪಿಎಸ್ ಅದನ್ನ ಹಿಡಿದಿತ್ತು.

"ಅಷ್ಟು ಗಂಟೆ ತೋರಿಸಿದಾಗ ಡೌಟ್ ಬರ್ಲಿಲ್ವೇನ್ರೀ?"

"ರಸ್ತೆ ಬಂದ್ ಅಲ್ವಾ, ಸುತ್ತು ಹಾಕಿಸ್ತಿದೆ ಅಂದ್ಕೊಂಡೆ."

"ಮತ್ತೆ ಈ ಊರಿನ ಮೂಲಕವೇ ತಾನೇ ಹೋಗಿದ್ದು? ಅಲ್ಲಿ ಬೋರ್ಡ್ ಇದೆಯಲ್ಲ, ಸಾಂತಾ ಮರಿಯಾ ಅಂತ!"

"ನೋಡ್ದೆ ಕಣೇ. ನಮ್ದು ಇನ್ನೂ ಮುಂದೆ ಇದೆ ಅಂತ ಹೋದೆ."

ಹಾಗೆ ಮುಂದೆ ಹೋಗಿ, 2149 ಮೀಟರಿನ ಓಫೆನ್ ಘಾಟಿ ಹತ್ತಿ ಇಳಿದು, ಸ್ವಿಸ್ ರಾಷ್ಟ್ರೀಯ ಉದ್ಯಾನ ದಾಟಿ, ಜೆರ್ನೆಟ್ಸ್ ಅನ್ನೋ ಊರಲ್ಲಿ ಕಾಫಿಗೆ ನಿಂತಾಗ ಬೇಕರಿಯ ಅಜ್ಜಿಯೊಬ್ಬರು ವಿಚಾರಿಸಿ ವಾಪಸ್ ಕಳಿಸಿದ್ದಾರೆ. ಬರುವಾಗ ಅಲ್ಲಿನ ಪ್ರಸಿದ್ಧ ಅಕ್ರೋಟಿನ ಕೇಕು ತಂದಿದ್ದರು. ಅಕ್ಕ ಜಗಳ ಆಡಲು ಬಾಯಿ ತೆರೆದವರು ಕೇಕು ಹಾಕಿಕೊಂಡರು. ನಮ್ಮ ನಾಲ್ಕು ಜಾಕೆಟ್ ಹಿಂದಿನ ಸೀಟಿನಲ್ಲಿ ಮಡಿಸಿದ ಹಾಗೇ ಇದ್ದವು, ಒಂದು ಘಾಟಿಯನ್ನ ಎರಡು ಸಲ ದಾಟಿ. ಒಂಬತ್ತು ಜನರಲ್ಲಿ, ಅಂದರೆ ಜಾಕೆಟ್ಟುಗಳನ್ನೂ ಜನ ಅಂತ ಲೆಕ್ಕ ಹಾಕಿದರೆ, ಸುಸ್ತಾಗದವು ಅವೇ.

ಅಷ್ಟೊತ್ತಿಗೆ ನಮ್ಮನೆಯವರ ಫೋನಿಗೆ ಮೊಬೈಲ್ ಕಂಪನಿಯಿಂದ ಮೆಸೇಜ್ ಬಂದಿತ್ತು, ರೋಮಿಂಗ್ ಮಿತಿ ಮುಗಿದಿದೆ, ಡೇಟಾ ನಿಲ್ಲಿಸಿದ್ದೇವೆ ಅಂತ. ಅದಕ್ಕೇ ಒಂದೇ ಟಿಕ್. ದಾರಿ ಮಾತ್ರ ಮೊದಲೇ ಲೋಡ್ ಆಗಿತ್ತು. ಸಾರ್ ಪದ್ಧತಿಯಲ್ಲಿ ಕೊಟ್ಟಾಯ್ತು ಅಂದ್ರೆ ಹಸಿರು, ಬಾಕಿ ಇದ್ದರೆ ಹಳದಿ. ಕ್ನೋಡೆಲ್, ಪೆಟ್ರೋಲ್, ಕೆಫೆಯ ದುಬಾರಿ ಕಾಫಿ ಎಲ್ಲ ಹಸಿರಾಗಿದೆ. ಆ ರೋಮಿಂಗ್ ಬಿಲ್ಲು ಜಾಕೆಟ್ ಸಾಗಾಣಿಕೆಯ ಖರ್ಚೋ, ನಮ್ಮನೆಯವರ ಸ್ವಂತ ಪ್ರವಾಸದ ಖರ್ಚೋ ಅಂತ ಗ್ರೂಪಿನಲ್ಲಿ ಇನ್ನೂ ಚರ್ಚೆ ನಡೀತಾ ಇದೆ. ಸದ್ಯಕ್ಕೆ ಹಳದಿ.