ಸಾಫ್ಟ್‌ಬಾಲ್ ಪಿಚರ್‌ಗೆ ಮೊದಲು ವೇಗ, ಆಮೇಲೆ ಸ್ಟ್ರೈಕ್

ಶಾಲಾ ಪಂದ್ಯದಲ್ಲಿ ಪಿಚರ್ ಹುಡುಗಿ (ಕೈ ಸುತ್ತಿಸಿ ಕೆಳಗಿನಿಂದ ಚೆಂಡು ಎಸೆಯುವವಳು) ಸಾಲಾಗಿ ನಾಲ್ಕು ಬಾಲ್, ಅಂದರೆ ಗುರಿ ತಪ್ಪಿದ ಎಸೆತ, ಹಾಕಿದರೆ ಸಾಕು, ಹೊರಗಿಂದ ಕೂಗು ಶುರು: "ತಂಗೀ, ನಿಧಾನ ಹಾಕು, ಸ್ಟ್ರೈಕ್ ಬರ್ಲಿ." ಸ್ಟ್ರೈಕ್ ಎಂದರೆ ಬ್ಯಾಟರ್ ಎದುರಿನ ಗುರಿಯೊಳಗೆ ಬಂದ ಎಸೆತ. ತಾಲ್ಲೂಕು ಮಟ್ಟದಲ್ಲಿ ಇದು ನಡೆದುಹೋಗುತ್ತದೆ, ಎದುರಿನ ಬ್ಯಾಟರ್‌ಗೂ ಅಭ್ಯಾಸ ಕಡಿಮೆ ಇರುತ್ತದೆ. ವಿಭಾಗ ಮಟ್ಟಕ್ಕೆ ಹೋದಾಗ ಅದೇ ತೇಲುವ ಚೆಂಡಿಗೆ ಏಟು ಬೀಳುತ್ತದೆ. ಕಾರವಾರ, ಶಿರಸಿ ಕಡೆಯ ಪಿ.ಟಿ. ಮಾಸ್ತರರಿಗೂ ಅಕ್ಕೋರಿಗೂ ನನ್ನ ಕೋರಿಕೆ ಒಂದೇ. 10ರಿಂದ 13ರ ವಯಸ್ಸಿನಲ್ಲಿ ವೇಗ ಕಲಿಸಿ, ಗುರಿಯನ್ನು ಆಮೇಲೆ ಕೂಡಿಸಿ. ಮೆಲ್ಲಗೆ ಎಸೆಯುವಾಗ ಮೈ ಕೆಲಸ ಮಾಡುವ ರೀತಿಯೇ ಬೇರೆ. ಅದು ಒಮ್ಮೆ ರೂಢಿಯಾದರೆ ಬಿಡಿಸುವುದು ಕಷ್ಟ.

ಅಮೆರಿಕದಲ್ಲಿ 11–12ರ ವಯಸ್ಸಿನವರು 40 ಅಡಿಯಿಂದ, ಅದಕ್ಕಿಂತ ದೊಡ್ಡವರು 43 ಅಡಿಯಿಂದ ಎಸೆಯುತ್ತಾರೆ. ಚೆನ್ನಾಗಿ ತರಬೇತಾದ 12ರ ಹುಡುಗಿ ಗಂಟೆಗೆ 45ರಿಂದ 50 ಮೈಲಿ, ಅಂದರೆ 72ರಿಂದ 80 ಕಿ.ಮೀ. ಮುಟ್ಟುತ್ತಾಳೆ. 50 ಮೈಲಿಯ ಚೆಂಡು ಬ್ಯಾಟರ್‌ಗೆ ಕೊಡುವ ಸಮಯ ಅರ್ಧ ಸೆಕೆಂಡಿಗೂ ಕಡಿಮೆ. 2012ರಲ್ಲಿ ಅಮೆರಿಕದ ಪಿಚರ್ ಮೋನಿಕಾ ಅಬಾಟ್ 77 ಮೈಲಿ ಎಸೆದು ದಾಖಲೆ ಮಾಡಿದ್ದರು.

ಈ ವೇಗ ತೋಳಿನ ಬಲದಿಂದ ಬರುವುದಿಲ್ಲ. ಹಿಂಗಾಲು ಪಿಚರ್ ನಿಲ್ಲುವ ಪ್ಲೇಟನ್ನು ಒದ್ದು ಮೈಯನ್ನು ಮುಂದಕ್ಕೆ ತಳ್ಳಬೇಕು, ಮುಂಗಾಲು ಊರಿ ಆ ಓಟಕ್ಕೆ ತಡೆ ಒಡ್ಡಬೇಕು. ಮೈ ನಿಂತಾಗ ಸಡಿಲವಾಗಿದ್ದ ತೋಳು ಚಾಟಿಯ ತುದಿಯಂತೆ ಹಾರಿಹೋಗುತ್ತದೆ. ಮುಂಗಾಲು ಊರುವ ಹೊತ್ತಿಗೆ ಕೈ ತಲೆಯ ಮೇಲಿನಿಂದ ಹಿಂದಕ್ಕೆ ಇಳಿಯಲು ಶುರುವಾಗಿರಬೇಕು. ಪಾದ ಸುಮಾರು 45 ಡಿಗ್ರಿ ಓರೆಯಾಗಿ ಊರಲಿ. ಮಂಡಿ ಮುಂದಕ್ಕೆ ಕುಸಿದರೆ ಶಕ್ತಿಯೆಲ್ಲ ಅಲ್ಲೇ ಸೋರಿಹೋಗುತ್ತದೆ. "ಸ್ಟ್ರೈಕ್ ಹಾಕು" ಎಂದಾಗ ಹುಡುಗಿ ಮಾಡುವುದೂ ಅದನ್ನೇ: ಸೊಂಟ ಬಗ್ಗಿಸಿ, ಮಂಡಿ ಮಡಚಿ, ಚೆಂಡನ್ನು ಕೊಂಡೊಯ್ದು ಇಟ್ಟ ಹಾಗೆ ಬಿಡುತ್ತಾಳೆ.

ಪಿಚರ್‌ನ ಪ್ಲೇಟಿನಿಂದ ಬ್ಯಾಟರ್ ಬಳಿಯ ಹೋಮ್ ಪ್ಲೇಟಿಗೆ ನೇರವಾಗಿ ಒಂದು ಸುಣ್ಣದ ಗೆರೆ ಎಳೆಯಿರಿ. ಬಲಗೈ ಪಿಚರ್‌ನ ಎಡಗಾಲು ಗೆರೆ ದಾಟಿ ಬಲಕ್ಕೆ ಬಿದ್ದರೆ ಸೊಂಟ ಅಡ್ಡ ಬಂದು ಕೈ ಸುತ್ತಿ ಬರಬೇಕಾಗುತ್ತದೆ. ಭುಜ ನೋಯುವುದಕ್ಕೂ ಇದೊಂದು ದಾರಿ.

ಹಳೆಯ ಪಾಠವೊಂದನ್ನು ಬಿಟ್ಟೇಬಿಡಬೇಕು. ಅಂಗೈ ಹಿಂದಕ್ಕೆ ತಿರುಗಿಸಿ, ತೋಳು ನೆಟ್ಟಗೆ ಮಾಡಿ, ಚೆಂಡನ್ನು ತಳ್ಳಿ, ಕೊನೆಗೆ ಮೊಣಕೈಯನ್ನು ಮುಖದ ತನಕ ಎತ್ತುವುದು. ವೇಗದ ಪಿಚರ್‌ಗಳ ವಿಡಿಯೋ ನಿಧಾನ ಮಾಡಿ ನೋಡಿ, ಯಾರೂ ಹಾಗೆ ಎಸೆಯುವುದಿಲ್ಲ. ಕೈ ಇಳಿಯುವಾಗ ಮುಂಗೈಯ ಒಳಭಾಗ ಮೇಲ್ಮುಖ, ಮೊಣಕೈ ಸ್ವಲ್ಪ ಬಾಗಿ ಮುಂದೆ. ಮುಂಗೈ ಸೊಂಟಕ್ಕೆ ಹಗುರಾಗಿ ಸವರಿದ ಕ್ಷಣ ಅದು ಒಳಕ್ಕೆ ಉರುಳುತ್ತದೆ, ಚೆಂಡು ಬಿಡುತ್ತದೆ. ಮಣಿಕಟ್ಟನ್ನು ಮಾತ್ರ ಝಾಡಿಸುವ ಅಭ್ಯಾಸಕ್ಕೆ ಗಂಟೆಗಟ್ಟಲೆ ಕೊಡಬೇಡಿ. 12 ಇಂಚು ಸುತ್ತಳತೆಯ ಚೆಂಡನ್ನು ಅಂಗೈಗೆ ಒತ್ತಿ ಹಿಡಿದರೂ ವೇಗ ಸಾಯುತ್ತದೆ. ಬೆರಳಲ್ಲಿ ಹಿಡಿದು, ಅಂಗೈಗೂ ಚೆಂಡಿಗೂ ಸಂದು ಬಿಡಿಸಿ.

ಅಭ್ಯಾಸಕ್ಕೆ ಮೈದಾನವೇ ಬೇಕೆಂದಿಲ್ಲ. ಮಳೆಗಾಲದಲ್ಲಿ ಮಾಡಿನ ಕೆಳಗೆ ಹಳೆಯ ಮೀನುಬಲೆ ಎರಡು ಪದರ ಮಾಡಿ ಇಳಿಬಿಟ್ಟು, ಹತ್ತು ಅಡಿಯಿಂದ ಪೂರ್ತಿ ಬಲದಲ್ಲಿ ಎಸೆಯಲಿ. ಒಂದು ಸುತ್ತಿಗೆ 10 ಎಸೆತ, ಪ್ರತಿ ಎಸೆತದ ನಡುವೆ ಅರ್ಧ ನಿಮಿಷ, ಅಂಥ ಮೂರು ಸುತ್ತು. ಎದುರಿಗೆ ಹೋಮ್ ಪ್ಲೇಟ್ ಇಲ್ಲದಿದ್ದರೆ ಗುರಿಯ ಚಿಂತೆಯೂ ಇಲ್ಲ. ಕಾರವಾರದ ಕಡಲತೀರದ ಮರಳು ಓಟಕ್ಕೆ ಚೆಂದ, ಪಿಚಿಂಗಿಗೆ ಬೇಡ. ಒದ್ದ ಕಾಲು ಹೂತುಹೋಗುತ್ತದೆ. ಚಿರೇಕಲ್ಲಿನ ಗಟ್ಟಿ ನೆಲದಲ್ಲಿ ಉಜ್ಜುತ್ತ ಎಳೆಯುವ ಹಿಂಗಾಲಿನ ಬೂಟಿನ ತುದಿ ಬೇಗ ಹರಿಯುತ್ತದೆ, ಮೊದಲೇ ಚರ್ಮದ ತೇಪೆ ಹೊಲಿಸಿಡಿ.

ಅಳೆಯಲು ರಾಡಾರ್ ಗನ್ ಇಲ್ಲದಿದ್ದರೆ ಮೊಬೈಲ್ ಸಾಕು. ಸೆಕೆಂಡಿಗೆ 240 ಫ್ರೇಮ್‌ನಲ್ಲಿ ಚಿತ್ರಿಸಿ, ಕೈ ಬಿಟ್ಟಲ್ಲಿಂದ ಕ್ಯಾಚರ್ ಗ್ಲೌವ್ ತನಕ ಫ್ರೇಮ್ ಎಣಿಸಿ. 120 ಬಂದರೆ ಅರ್ಧ ಸೆಕೆಂಡು. ಚೆಂಡು ಸಾಗಿದ ದೂರ 10.5 ಮೀಟರ್ ಆದರೆ ಸರಾಸರಿ ವೇಗ ಗಂಟೆಗೆ ಸುಮಾರು 76 ಕಿ.ಮೀ. ಗನ್ ಇದ್ದರೆ ಚೆಂಡಿನ ದಾರಿಗೆ ನೇರವಾಗಿ ನಿಲ್ಲಿ. 20 ಡಿಗ್ರಿ ಪಕ್ಕದಿಂದ ಹಿಡಿದರೆ 80 ಇದ್ದದ್ದು 75 ಎಂದು ತೋರಿಸುತ್ತದೆ, ಪಾಪ ಹುಡುಗಿ ಸುಮ್ಮನೆ ಕುಗ್ಗುತ್ತಾಳೆ.

ಕೆಳಗಿನಿಂದ ಎಸೆಯುವುದರಿಂದ ಭುಜಕ್ಕೆ ಏನೂ ಆಗುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಪೂರ್ತಿ ವೇಗದಲ್ಲಿ ಭುಜದ ಕೀಲಿನ ಮೇಲೆ ಬೀಳುವ ಎಳೆತ ಹೆಚ್ಚುಕಡಿಮೆ ಮೈತೂಕದಷ್ಟಿರುತ್ತದೆ. ಒಬ್ಬಳೇ ಪಿಚರ್‌ನಿಂದ ದಿನಕ್ಕೆ ಮೂರು ಪಂದ್ಯ ಆಡಿಸುವುದು ನಮ್ಮಲ್ಲಿ ಮಾಮೂಲಿಯಾಗಿಬಿಟ್ಟಿದೆ. 13–14ರ ಹುಡುಗಿಗೆ ಪಂದ್ಯಕ್ಕೆ 80 ಎಸೆತ ಮಿತಿ ಇಡಿ, ಎಣಿಸಲು ಬೆಂಚಿನಲ್ಲಿ ಒಬ್ಬಳನ್ನು ಕೂರಿಸಿ. ಭುಜದ ಮುಂಭಾಗ ನೋಯುತ್ತಿದೆ ಎಂದರೆ ಆ ದಿನ ಅವಳಿಂದ ಪಿಚಿಂಗ್ ಬೇಡ. ಪ್ರತಿ ತಂಡಕ್ಕೂ ಇಬ್ಬರು ಪಿಚರ್ ತಯಾರಾಗಿರಬೇಕು, ಎರಡನೆಯವಳನ್ನು ಜೂನ್‌ನಲ್ಲೇ ಆರಿಸಿಕೊಳ್ಳಿ.