ಅಂಗಳದ ಕಡೆಯಿಂದ ಬರೆದ ಮಲೆನಾಡು ಎಲ್ಲಿದೆ?

ಮಳೆಗಾಲ ಹಿಡಿದರೆ ಸಾಕು, ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆಯವರ ನೆನಪುಗಳೂ ಫೇಸ್‌ಬುಕ್ಕಿನಲ್ಲಿ ಸುರಿಯತೊಡಗುತ್ತವೆ. ಕಂಬಳಿಕೊಪ್ಪೆ, ಕಳಲೆ ಪಲ್ಯ, ಹಲಸಿನ ಹಪ್ಪಳ, ಅಜ್ಜನ ಮನೆಯ ಜಗುಲಿ. ಚೆಂದವೇ. ಆದರೆ ಇವುಗಳಲ್ಲಿ ಮಲೆನಾಡಿನದೇ ಬುಡಕಟ್ಟಾದ ಹಸಲರ ಹೆಂಗಸನ್ನು ಹುಡುಕಿ ನೋಡಿ. ಅಂಗಳದ ಮೂಲೆಯಲ್ಲಿ ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯುತ್ತಿರುತ್ತಾಳೆ, ಅಷ್ಟೇ. ಹೆಸರಿದ್ದರೆ ಅದೇ ದೊಡ್ಡದು. ಮದುವೆಗೆ ಮಾಡಿದ ಸಾಲ ತೀರಿಸಲು ಒಡೆಯರ ಮನೆಯಲ್ಲಿ ಜೀತಕ್ಕೆ ನಿಂತ ಹಸಲರು ಇಲ್ಲೇ ಇದ್ದರು. ಜೀತ ಕಾನೂನಿನಲ್ಲಿ ರದ್ದಾಗಿದ್ದು 1976ರಲ್ಲಿ. ಅದನ್ನು ಕಂಡವರ ನೆನಪಿನಲ್ಲಿ ನಮ್ಮ ಜಗುಲಿ ಹೇಗಿದ್ದೀತು?

“ಅವರೂ ಬರೆಯಲಿ, ಬೇಡ ಅಂದವರು ಯಾರು?” ಅನ್ನುತ್ತಾರೆ. ಕೆನಡಾದಲ್ಲಿ ಮೇಟಿ ಮೂಲನಿವಾಸಿ ಸಮುದಾಯದ ಮರಿಯಾ ಕ್ಯಾಂಪ್‌ಬೆಲ್ ಬರೆದೇ ಬರೆದರು. ಅವರ ಆತ್ಮಕಥೆ ‘ಹಾಫ್‌ಬ್ರೀಡ್’ 1973ರಲ್ಲಿ ಬಂತು. ಹುಡುಗಿಯಾಗಿದ್ದಾಗ ಪೊಲೀಸರು ತನ್ನ ಮೇಲೆ ಅತ್ಯಾಚಾರ ಮಾಡಿದ್ದನ್ನು ಹೇಳುವ ಭಾಗವನ್ನು ಮಾತ್ರ ಪ್ರಕಾಶಕರು ತೆಗೆದುಹಾಕಿದ್ದರು. ಆ ಪುಟಗಳು ಸಂಶೋಧಕರ ಕಣ್ಣಿಗೆ ಬಿದ್ದದ್ದು 2018ರಲ್ಲಿ. ಪುಸ್ತಕಕ್ಕೆ ಮರಳಿದ್ದು 2019ರಲ್ಲಿ. ಆಕೆ ಏನನ್ನೂ ಮರೆತಿರಲಿಲ್ಲ. ಓದುಗರಿಗೆ ಸಿಗದಂತೆ ಮಾಡಿದವರು ಬೇರೆಯವರು. ಅಕ್ಷರ ಬಲ್ಲ, ಸ್ವತಃ ಬರೆದ ಹೆಣ್ಣಿನ ಗತಿಯೇ ಇದು. ಇನ್ನು ಬಾಯಲ್ಲಿ ಹೇಳಿ, ಬೇರೆಯವರಿಂದ ಬರೆಸಿಕೊಳ್ಳುವವರ ಪಾಡು?

ತಮಾಷೆ ಅಂದರೆ, ಸಾಹಿತ್ಯ ಕೊಡದ ಬೆಲೆಯನ್ನು ಕಾನೂನು ಕೊಟ್ಟಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ, ಕಾಡಿನ ಜಮೀನಿನ ಹಕ್ಕಿಗೆ ಅರ್ಜಿ ಹಾಕಿದಾಗ ಅರ್ಜಿದಾರರಲ್ಲದ ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯ. ಯಾವ ಹಳುವಿನಲ್ಲಿ ಮನೆಯಿತ್ತು, ಯಾವ ಮರದಡಿ ಭೂತಕ್ಕೆ ಪೂಜೆ ಎಂದು ಅಜ್ಜಿ ಹೇಳಿದರೆ ಅದಕ್ಕೆ ಕಡತದಲ್ಲಿ ಜಾಗ ಉಂಟು. ಆದರೆ ಬರೆದುಕೊಳ್ಳುವವರ ಕೈಗೆ ಸಿಕ್ಕಿದ ಕೂಡಲೇ ಅಜ್ಜಿಯ ಮಾತು “ಸದರಿ ಜಮೀನಿನಲ್ಲಿ ಅನುಭವದಲ್ಲಿರುತ್ತಾರೆ” ಅಂತಾಗಿಬಿಡುತ್ತದೆ. ಜಮೀನು ಉಳಿಯಬಹುದೇನೋ, ಅಜ್ಜಿ ಉಳಿಯುವುದಿಲ್ಲ.

ಹಾಗಾಗಿ “ಬುಡಕಟ್ಟು ಮಹಿಳೆಯರ ಕಥನ ಸಂಗ್ರಹ ಮಾಡೋಣ” ಎಂದು ಹೊರಡುವ ನಮ್ಮಂಥವರ ಉತ್ಸಾಹದ ಬಗ್ಗೆ ನನಗೆ ಅನುಮಾನ. ಕೇರಿಗಳಲ್ಲಿ ಈಗ ಡಿಗ್ರಿ ಓದುವ ಹುಡುಗಿಯರಿದ್ದಾರೆ, ಕೈಯಲ್ಲಿ ಮೊಬೈಲ್ ಇದೆ. ಅವರೇ ರೆಕಾರ್ಡ್ ಮಾಡಲಿ, ಅವರ ಮನೆಮಾತಿನಲ್ಲೇ ಅಚ್ಚಾಗಲಿ, ಮುಖಪುಟದಲ್ಲಿ ಹೇಳಿದವಳ ಹೆಸರಿರಲಿ. ಯಾವ ಮಾತು ಇರಬೇಕು, ಯಾವುದು ಬೇಡ ಅನ್ನುವುದು ಅವಳಿಗೇ ಬಿಟ್ಟದ್ದು. ಅದರಲ್ಲಿ ನಮ್ಮ ಅಜ್ಜಂದಿರ ಹೆಸರು ಬಂದರೆ ಬರಲಿ.