ಒಬ್ಬರೇ ಲಕ್ಷ್ಮಿ, ಮೂರು ಕಡತ

ನಮ್ಮ ನೆರವು ಕೇಂದ್ರದ ಪ್ರಕರಣ ನಿರ್ವಹಣಾ ಸಾಫ್ಟ್‌ವೇರಿನಲ್ಲಿ ಡೂಪ್ಲಿಕೇಟ್ ದಾಖಲೆಗಳನ್ನು, ಅಂದರೆ ಒಬ್ಬರದೇ ಹೆಸರಲ್ಲಿ ಮತ್ತೆ ತೆರೆದ ಕಡತಗಳನ್ನು, ಹಿಡಿಯುವ ನಿಯಮ ಬರೆಯುವ ಕೆಲಸ ನನ್ನ ತಲೆಗೆ ಬಂದಾಗಿನಿಂದ, ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ನಮೂದಿಸಬೇಕೆಂದು ತೀರ್ಮಾನಿಸಿದವರ ಮೇಲೆ ನನಗೆ ದಿನವೂ ಸಿಟ್ಟು ಬರುತ್ತದೆ. ಹೆಸರು ಅಕ್ಷರಶಃ ತಾಳೆಯಾಗಬೇಕೆಂದು ಬಿಗಿ ಮಾಡಿದರೆ, ಕೆ-ಎಸ್-ಎಚ್ ಬಳಸಿದ ಲಕ್ಷ್ಮಿ, ಎಕ್ಸ್ ಬಳಸಿದ ಲಕ್ಷ್ಮಿ, ಇನಿಷಿಯಲ್ ಹಿಂದುಮುಂದಾದ ಲಕ್ಷ್ಮಿ ಎಂದು ಒಬ್ಬರೇ ಮೂವರಾಗಿ ಕುಳಿತುಬಿಡುತ್ತಾರೆ. ಸಡಿಲಿಸೋಣವೆಂದು, ಉಚ್ಚಾರಣೆ ಹೋಲುವ ಹೆಸರುಗಳಿಗೆ ಒಂದೇ ಸಂಕೇತ ಕೊಡುವ ಸೌಂಡೆಕ್ಸ್ ಹಾಕಿದೆ. 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಪದ್ಧತಿಯಿಂದ ಬೆಳೆದ, ಇಂಗ್ಲಿಷ್ ಉಚ್ಚಾರಣೆಗೆಂದೇ ಹೊಸೆದ ಆ ವಿಧಾನ ಎರಡು ಕಾಗುಣಿತದ ಲಕ್ಷ್ಮಿಯರನ್ನೇನೋ ಒಂದುಗೂಡಿಸಿತು. ಆದರೆ ಅದರ ಲೆಕ್ಕದಲ್ಲಿ ರಮೇಶನಿಗೂ ರಂಗಯ್ಯನಿಗೂ 'ಆರ್520' ಎಂಬ ಒಂದೇ ಸಂಕೇತ, ಮೊದಲಕ್ಷರ ಬೇರೆಯೆಂಬ ಕಾರಣಕ್ಕೆ ಝಡ್‌ನಿಂದ ಬರೆದ ಜಾಕೀರ್ ಮತ್ತು ಜೆಯಿಂದ ಬರೆದ ಜಾಕೀರ್ ಮಾತ್ರ ಪರಸ್ಪರ ಅಪರಿಚಿತರು! ಮೊಬೈಲ್ ಸಂಖ್ಯೆಯನ್ನು ನೆಚ್ಚಿಕೊಂಡರೆ, ಮನೆಮಂದಿಯೆಲ್ಲ ಕೊಡುವುದು ಮಗನ ಒಂದೇ ನಂಬರನ್ನು, ಹಾಗಾಗಿ ಅತ್ತೆ ಸೊಸೆಯರು ಒಂದೇ ವ್ಯಕ್ತಿಯಾಗುತ್ತಾರೆ. ಹುಟ್ಟಿದ ದಿನಾಂಕವನ್ನಂತೂ ಕೇಳಲೇಬೇಡಿ, ನಮ್ಮ ಕಡತಗಳಲ್ಲಿ ತಾರೀಖು ನೆನಪಿಲ್ಲದ ಹಿರಿಯರೆಲ್ಲರೂ ಜನವರಿ 1ರಂದೇ ಹುಟ್ಟಿದವರು. ಇಷ್ಟೆಲ್ಲ ಹೆಣಗಾಡಿ ಪರದೆಯ ಮೇಲೆ ಹಳದಿ ಎಚ್ಚರಿಕೆಯೊಂದು ಮೂಡುವಂತೆ ಮಾಡಿದರೆ, ಸಹೋದ್ಯೋಗಿಗಳು ಅದನ್ನು ಓದದೆಯೇ 'ಆದರೂ ಉಳಿಸು' ಎಂಬ ಗುಂಡಿಯೊತ್ತಿ ಮುಂದಿನ ಅರ್ಜಿಗೆ ಹೋಗುತ್ತಾರೆ. ನಾಲ್ಕನೆಯ ಲಕ್ಷ್ಮಿ ನಿನ್ನೆ ಸಂಜೆ ಹಾಗೆಯೇ ಹುಟ್ಟಿದರು.